ಮೊದಲ ಪಾಳಿ

ಡಂಡಿ ನ್ಯಾಯಾಲಯ, ಸ್ಕಾಟ್ಲೆಂಡ್, 2006

ಬಾ ಬೊಝೆನಾ, ಕೋಟು ಆ ಮೊಳೆಗೆ ಹಾಕು.
ಬೆಳಗಿನ ಐದು. ಊರಿನ್ನೂ ಎದ್ದಿಲ್ಲ,
ಎದ್ದಿರುವುದು ಟೇ ನದಿಯ ಕಡಲಕ್ಕಿಗಳು, ಮತ್ತೆ ನಾವು.
ನ್ಯಾಯ ಹತ್ತು ಗಂಟೆಗೆ ಬರುತ್ತದೆ;
ಅಷ್ಟರೊಳಗೆ ನೆಲ ಒಣಗಿರಬೇಕು.

ಕೆಳಗಿನಿಂದ ಹೊರಡೋಣ, ಎಲ್ಲ ಅಲ್ಲಿಂದಲೇ ಶುರು.
ಇವು ಲಾಕಪ್ಪುಗಳು, ಆರು.
ನಾಲ್ಕನೆಯದರ ಗೋಡೆಯ ಮೇಲೆ ಯಾರೋ ಉಗುರಲ್ಲಿ
ಅಮ್ಮಾ ನಾಳೆ ಬರ್ತೀನಿ ಎಂದು ಗೀರಿದ್ದಾನೆ.
ಬಣ್ಣ ಬಳಿದರೂ ಮೇಲೇಳುತ್ತದೆ. ಉಜ್ಜಬೇಡ.
ಯಾವ ನಾಳೆಯೋ, ಯಾರಿಗೆ ಗೊತ್ತು.

ಹದಿಮೂರು ಮೆಟ್ಟಿಲು ಹತ್ತಿದರೆ ನೇರ ಕಟಕಟೆ.
ಕತ್ತಲಿಂದ ಬಂದವನಿಗೆ ದೀಪ ಹೊಡೆದು
ಕಣ್ಣು ಕಿರಿದಾಗುತ್ತದೆ;
ಎದುರು ಕೂತವರು ಅದನ್ನೇ ಕಳ್ಳನೋಟ ಅನ್ನುತ್ತಾರೆ.
ಹಿತ್ತಾಳೆ ಕಂಬಿಗೆ ವಿನೆಗರ್, ಆಮೇಲೆ ಒಣಬಟ್ಟೆ.
ಎಡಗಡೆ ಹೆಚ್ಚು ಸವೆದಿದೆ ನೋಡು,
ಅಲ್ಲಿ ನಿಂತರೆ ಗ್ಯಾಲರಿ ಕಾಣುತ್ತದೆ,
ಮನೆಯವರು ಬಂದರೋ ಇಲ್ಲವೋ.

ಜ್ಯೂರಿಗೆ ಹದಿನೈದು ಕುರ್ಚಿ.
ಎಂಟು ಜನ ಒಂದು ಕಡೆ ವಾಲಿದರೆ ಮುಗಿಯಿತು.
ಅಡಿಯಲ್ಲಿ ಕೈಯಾಡಿಸು: ಚ್ಯೂಯಿಂಗ್ ಗಮ್,
ಮಿಠಾಯಿ ಕಾಗದ, ಮಡಿಸಿದ ಕಾಗದದ ಹಕ್ಕಿ.
ಕೇಸು ಉದ್ದವಾದಷ್ಟೂ ಹಕ್ಕಿ ಹೆಚ್ಚು.

ನೀರಿನ ಲೋಟ. ಇದು ಮುಖ್ಯ.
ಶೆರಿಫರಿಗೆ ಒಂದು, ವಕೀಲರಿಗೆ ಎರಡು, ಸಾಕ್ಷಿಗೆ ಒಂದು,
ಕಟಕಟೆಗೆ ಪ್ಲಾಸ್ಟಿಕ್ಕಿನದು.
ಉಪ್ಪು ತಿಂದವರು ನೀರು ಕುಡಿಯಲೇಬೇಕಂತೆ.
ಹದಿನೇಳು ವರ್ಷದಿಂದ ತೊಳೆಯುತ್ತಿದ್ದೇನೆ,
ತುಂಬಿಟ್ಟದ್ದು ತುಂಬಿದಂತೆಯೇ ಉಳಿದ ಲೋಟ
ಒಂದೂ ಕಂಡಿಲ್ಲ.

ಚಹಾದ ಹೊತ್ತಿಗೆ ನಾನೊಂದು ಪುಸ್ತಕ ಓದುತ್ತೇನೆ.
ಕಾಲೇಜು ಹುಡುಗನೊಬ್ಬ ಗ್ಯಾಲರಿಯಲ್ಲಿ ಬಿಟ್ಟುಹೋದದ್ದು,
ಅಪರಾಧಶಾಸ್ತ್ರ, ಮೊದಲ ವರ್ಷಕ್ಕೆ.
ಹಿಂದೆಲ್ಲ ತಲೆಬುರುಡೆ ಅಳೆಯುತ್ತಿದ್ದರಂತೆ,
ಹುಬ್ಬು ದಪ್ಪವಿದ್ದರೆ ಕಳ್ಳ.
ನಮ್ಮಪ್ಪನ ಹುಬ್ಬು ನೋಡಬೇಕಿತ್ತು ನೀನು!
ಸೆಣಬಿನ ಗಿರಣಿಯಲ್ಲಿ ನಲವತ್ತು ವರ್ಷ,
ಒಂದೆಳೆ ನಾರು ಮನೆಗೆ ತಂದವನಲ್ಲ,
ಕೆಮ್ಮಿನಲ್ಲಿ ತಂದದ್ದು ಬಿಟ್ಟರೆ.
ಆಮೇಲೆ ಬುರುಡೆ ಬಿಟ್ಟು ಬೀದಿ ಅಳೆದರು:
ಬಡತನ, ಕುಡಿತ, ಒಡೆದ ಕಿಟಕಿ, ಇಲ್ಲದ ಅಪ್ಪ.
ಮೂವತ್ತೊಂದನೇ ಪುಟದಲ್ಲೊಂದು ನಕ್ಷೆ,
ಯಾವುದೋ ದೂರದ ಊರಿನದು;
ಆದರೂ ಕಪ್ಪು ಬಳಿದ ಮೂಲೆಯಲ್ಲಿ
ನಮ್ಮ ಬೀದಿಯ ಗುರುತು ಹತ್ತಿತು.
ಕಾರಣಗಳೆಲ್ಲ ನನಗೂ ಇದ್ದವು, ಬೊಝೆನಾ.
ಏನನ್ನೂ ಕದ್ದಿಲ್ಲ.
ಈ ಪುಸ್ತಕವೊಂದು ಬಿಟ್ಟು.

ಅದರಲ್ಲಿ ಇಲ್ಲದ್ದೊಂದು ಹೇಳುತ್ತೇನೆ.
ಈ ದೇಶದಲ್ಲಿ ತೀರ್ಪು ಮೂರು.
ಅಪರಾಧಿ. ಅಪರಾಧಿಯಲ್ಲ.
ಮೂರನೆಯದು, ಸಾಬೀತಾಗಿಲ್ಲ.
ಹಾಗೆಂದರೇನು ಎಂದು ನನ್ನ ಕೇಳಬೇಡ,
ಶೆರಿಫರೂ ಬಿಡಿಸಿ ಹೇಳುವುದಿಲ್ಲ.
ನನ್ನ ತಂಗಿ ಈಷ್ಬೆಲ್ ಅಗೋ ಅಲ್ಲಿ
ಎರಡು ದಿನ ನಿಂತಳು.
ಮುರಿದ ಮಣಿಕಟ್ಟು ತೋರಿಸಿದಳು,
ತಾರೀಖೊಂದು ತಪ್ಪಿ ಹೇಳಿದಳು.
ಸಾಬೀತಾಗಿಲ್ಲ.
ಅವನು ಮೆಟ್ಟಿಲಿಳಿಯದೆ
ಮುಂದಿನ ಬಾಗಿಲಿಂದಲೇ ಹೋದ.

ಮಾರನೆಯ ಬೆಳಗು ಇದೇ ಹೊತ್ತಿಗೆ ಬಂದೆ.
ಹಿತ್ತಾಳೆಯ ಮೇಲೆ ಅವನ ಹತ್ತೂ ಬೆರಳು.
ಸಾಕ್ಷಿ ಸಾಲದು ಅಂದಿದ್ದರು.
ವಿನೆಗರ್ ಬಾಟಲಿ ಹಿಡಿದು
ಎಷ್ಟು ಹೊತ್ತು ನಿಂತಿದ್ದೆನೋ.
ಆಮೇಲೆ ಒರೆಸಿದೆ. ಸಂಬಳ ಅದಕ್ಕೇ.

ಈಗಲೂ ಶನಿವಾರ ಹಿಲ್‌ಟೌನ್ ಅಂಗಡಿಯಲ್ಲಿ ಸಿಗುತ್ತಾನೆ,
ಹಾಲು ಕೊಳ್ಳುತ್ತಾನೆ.
ಹೇಗಿದ್ದಾಳೆ ಅಂತ ಕೇಳುತ್ತಾನೆ.
ನಾನು ಚಿಲ್ಲರೆ ಎಣಿಸುತ್ತೇನೆ.

ಸಾಕು, ಬಕೆಟ್ಟು ತಗೋ.
ಒಳಗಿಂದ ಬಾಗಿಲ ಕಡೆಗೆ
ಹಿಂದೆ ಹಿಂದೆ ಸರಿಯುತ್ತ ಒರೆಸು,
ನಿನ್ನ ಹೆಜ್ಜೆ ಉಳಿಯಬಾರದು.
ಹಾಂ, ಶೆರಿಫರ ಕುರ್ಚಿ ಎತ್ತಬೇಡ.
ಅದರ ಒಂದು ಕಾಲು ಗಿಡ್ಡ.
ಸಿಗರೇಟು ಪ್ಯಾಕಿನ ರಟ್ಟು ಮಡಿಸಿ ಕೊಟ್ಟಿದ್ದೇನೆ,
ಇನ್ನೂ ಯಾರೂ ಕೇಳಿಲ್ಲ.